‘ಆಗಾಗ’ ಅಂದರೆ ಯಾವಾಗ?

ಅವರ ಅಂಗಡಿಯ ಶಟರು ಇಳಿದು ಒಂದು ತಿಂಗಳಾಯಿತು. ನಂಜನಗೂಡಿನಲ್ಲಿ ಊಟಿ ರಸ್ತೆಯಿಂದ ಒಳಕ್ಕೆ ತಿರುಗಿ, ಟೈರಿನ ಅಂಗಡಿ ದಾಟಿದರೆ ಹೊಂಗೆಮರದ ಪಕ್ಕದ ಮಳಿಗೆ. ಶಟರಿನ ಮೇಲೆ ಅವರ ಫೋಟೊ ಅಂಟಿಸಿ ‘ಶಿವೈಕ್ಯರಾದರು’ ಎಂದು ಬರೆದಿದ್ದಾರೆ. ಆ ಫೋಟೊ ನೋಡಿ ನನಗೆ ಅಳುವಿನ ಜೊತೆಗೆ ನಗುವೂ ಬಂತು. ಸ್ಟುಡಿಯೋದವನು ಯಾವನೋ ಕಂಪ್ಯೂಟರಿನಲ್ಲಿ ಅವರಿಗೆ ಕರೀ ಕೋಟು ತೊಡಿಸಿ ಕೆಂಪು ಟೈ ಕಟ್ಟಿದ್ದಾನೆ. ಬದುಕಿದ್ದಾಗ ಬದನವಾಳಿನ ಖಾದಿ ಅಂಗಿ ಬಿಟ್ಟು ಬೇರೆ ಬಟ್ಟೆ ಮೈಗೆ ಹಾಕಿದವರಲ್ಲ. ಅದರ ಮೇಲೆ ಗ್ರೀಸು, ಗ್ರೀಸಿನ ಮೇಲೆ ಬ್ಯಾಟರಿ ಆಸಿಡ್ಡಿನ ತೂತು. ತಾವೇ ಆ ಪೋಸ್ಟರು ನೋಡಿದ್ದರೆ, ‘ಯಾವನ್ಲಾ ಇವ್ನು, ಮದ್ವೆ ಗಂಡು?’ ಎಂದು ಕೇಳುತ್ತಿದ್ದರು.

ಹೆಸರು ಬರೆಯುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಅಂಗಡಿ ಇಟ್ಟುಕೊಂಡೂ ಒಂದು ಬೋರ್ಡು ಹಾಕಿಸದ ಮನುಷ್ಯ. ಅಂಥವರ ಹೆಸರನ್ನು ನಾನು ಅಚ್ಚು ಹಾಕಿಸಿದರೆ ಸರಿಯಾಗುವುದಿಲ್ಲ. ಊರಿನವರಿಗೆ ಅವರು ‘ಕಾರ್ ಕರೆಂಟಿನೋರು’, ಗಾಡಿಗಳ ವೈರಿಂಗ್ ರಿಪೇರಿಯವರು. ಹುಟ್ಟಿದ್ದು ತಗಡೂರಿನ ಕಡೆ. ಮೊದಲು ತೋಟಗಳ ಪಂಪ್‌ಸೆಟ್ಟಿಗೆ ಮೋಟಾರು ಸುತ್ತಿಕೊಡುತ್ತಿದ್ದರಂತೆ, ಆಮೇಲೆ ಟ್ರ್ಯಾಕ್ಟರಿನ ದೀಪ, ಆಮೇಲೆ ಜೀಪು, ಕಾರು. ಹಣೆಗೆ ಮೂರು ಬೆರಳಿನ ವಿಭೂತಿ, ಕಿವಿಯ ಮೇಲೆ ಸೀಮೆಸುಣ್ಣ, ಹೊಟ್ಟೆ ಮಾತ್ರ ಧಾರಾಳ.

ಸೀಮೆಸುಣ್ಣ ಯಾಕೆ ಅಂದರೆ, ಬಂದವರ ದೂರನ್ನು ಅವರು ಗೋಡೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಗಾಡಿ ಪೂರ್ತಿ ಕೆಟ್ಟು ನಿಂತರೆ ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ. ಕೆಟ್ಟು, ತಾನೇ ಸರಿಹೋಗಿ, ನಾಳೆ ಮತ್ತೆ ಕೆಡುವ ಗಾಡಿ ಇದೆಯಲ್ಲ, ಅದಕ್ಕೆ ನಮ್ಮ ಸುತ್ತಿನಲ್ಲಿ ಇವರೊಬ್ಬರೇ. ಬಂದವನು ಪಾಪ, ‘ಅಣ್ಣ, ಲೈಟು ಆಗಾಗ ಆಫ್ ಆಯ್ತದೆ’ ಎಂದು ಬಾಯಿ ತೆಗೆದರೆ ಸಾಕು, ಇವರಿಗೆ ರೇಗುತ್ತಿತ್ತು.

“ಆಗಾಗ ಅಂದ್ರೆ ಯಾವಾಗ? ಬೆಳ್ಗೇನಾ, ಸಾಯಂಕಾಲ್ವಾ? ಮಳೇಲಾ, ಬಿಸ್ಲಲ್ಲಾ? ಗುಂಡೀಗ್ ಇಳ್ದಾಗ್ಲಾ, ತಿರುಗ್ದಾಗ್ಲಾ? ನೆಟ್ಟಗೆ ಯೋಳಪ್ಪ. ಆಗಾಗ ಅಂತ ಒಂದ್ ಟೈಮಿಲ್ಲ ಗಡಿಯಾರ್ದಾಗೆ.”

ಒಮ್ಮೆ ಒಬ್ಬರು ಮದುವೆಗೆ ಬಾಡಿಗೆ ಬಿಡುವ ಕಾರು ತಂದಿದ್ದರು. ಎಡಕ್ಕೆ ತಿರುಗಿದಾಗಲೆಲ್ಲ ಹಾರನ್ನು ತಾನಾಗಿ ಕೂಗುತ್ತಿತ್ತಂತೆ. ಶನಿಕಾಟ ಎಂದು ಯಾರೋ ಹೇಳಿ, ಪೂಜೆಯಾಗಿ, ಬಂಪರಿನ ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗಾಡುತ್ತಿದ್ದವು. ಇವರು ಗೋಡೆಯ ಮೇಲೆ ‘ಎಡ, ಹಾರನ್’ ಎಂದು ಬರೆದುಕೊಂಡರು. ಸ್ಟೇರಿಂಗಿನ ಬುಡ ಬಿಚ್ಚಿದರು, ಸಿಪ್ಪೆ ಸುಲಿದಿದ್ದ ಒಂದು ವೈರು ಹುಡುಕಿ ಟೇಪು ಸುತ್ತಿದರು. ಆ ಮನುಷ್ಯ ಸಂಕೋಚದಿಂದ ನಿಂಬೆಹಣ್ಣು ಕಿತ್ತೆಸೆಯಲು ಹೋದರೆ ಇವರು ಬಿಡಲಿಲ್ಲ. “ಇರ್ಲಿ ಬುಡಿ ಸಾ. ಅದುನ್ ಕೆಲ್ಸ ಅದು ಮಾಡ್ಲಿ, ವೈರಿನ್ ಕೆಲ್ಸ ವೈರು ಮಾಡ್ಲಿ” ಎಂದರು. ಯಾರ ನಂಬಿಕೆಯನ್ನೂ ಆಡಿಕೊಂಡು ನಕ್ಕವರಲ್ಲ.

ಅವರ ಆಯುಧ ಒಂದೇ. ಖಾಲಿ ಬಾಲ್‌ಪೆನ್ನಿನ ಕೊಳವೆಯೊಳಗೆ ಒಂದು ಪುಟ್ಟ ಬಲ್ಬು, ಎರಡು ವೈರು. ವೈರಿಗೆ ತಾಗಿಸಿದರೆ ಕರೆಂಟಿದ್ದರೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೊಸ ಹುಡುಗರು ಇಟ್ಟುಕೊಳ್ಳುವ ಮೀಟರನ್ನು ಇವರು ಮುಟ್ಟುತ್ತಿರಲಿಲ್ಲ. “ಒಳಗೆ ಒಂದೇ ಒಂದ್ ಎಳೆ ಉಳ್ದಿದ್ರೂ ಮೀಟ್ರು ಅನ್ನೆಲ್ಡು ವೋಲ್ಟು ಅಂತದೆ. ಬಲ್ಬು ಅಂಗಲ್ಲ. ಅದ್ಕೆ ಒಟ್ಟೆ ತುಂಬ್ಬೇಕು, ಆಗ್ಲೇ ಉರಿಯಾದು” ಎನ್ನುತ್ತಿದ್ದರು.

ನಾನು ಅವರ ಬಾಗಿಲಿಗೆ ಹೋದದ್ದು ಸುಮ್ಮನೆ ಹೋದದ್ದಲ್ಲ. ನನ್ನ ಜೀವನವೇ ಆ ಕಾರಿನ ಮೇಲೆ ನಿಂತಿತ್ತು.

ನನ್ನ ತವರು ಟಿ. ನರಸೀಪುರ, ಮದುವೆಯಾಗಿ ಬಂದದ್ದು ನಂಜನಗೂಡಿಗೆ. ನಾನು ಲ್ಯಾಬ್ ಟೆಕ್ನೀಷಿಯನ್ನು, ರಕ್ತ ತೆಗೆದು ಪರೀಕ್ಷೆ ಮಾಡುವವಳು. ಹತ್ತು ವರ್ಷ ಇನ್ನೊಬ್ಬರ ಲ್ಯಾಬಿನಲ್ಲಿ ದುಡಿದು ಸಾಕಾಗಿ, ತವರೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರೂಮು ಹಿಡಿದು ನನ್ನದೇ ಸಣ್ಣ ಲ್ಯಾಬು ತೆರೆದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯಬೇಕು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಕಾಯುತ್ತಾರೆ, ಅವರಿಗೆ ತಡ ಮಾಡಿದರೆ ತಲೆ ಸುತ್ತುತ್ತದೆ. ಬಸ್ಸು ಹಿಡಿದು ಹೋದರೆ ಎಂಟೂವರೆ. ಮನೆಯಲ್ಲಿ ಒಂದು ಕಾರಿತ್ತು. ಯಜಮಾನರು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದರು, ಕಾರು ಭಾನುವಾರಕ್ಕೆ ಮಾತ್ರ. ನಾನು ಡ್ರೈವಿಂಗ್ ಕಲಿತು, ಲೈಸೆನ್ಸು ಮಾಡಿಸಿ, ದಿನಾ ಓಡಿಸಿಕೊಂಡು ಹೋಗತೊಡಗಿದೆ. ನಿಜ ಹೇಳುತ್ತೇನೆ, ಬೆಳಿಗ್ಗೆ ಆರಕ್ಕೆ ಗದ್ದೆ ಬಯಲಿನ ಮಧ್ಯೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುವಾಗ ನನಗೆ ಮಹಾರಾಣಿಯ ಗತ್ತು ಬರುತ್ತಿತ್ತು.

ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ದಿನ ಸುತ್ತೂರು ದಾಟಿದ ಮೇಲೆ ಕಾರು ನಿಂತುಬಿಟ್ಟಿತು. ದೀಪವೆಲ್ಲ ಉರಿಯುತ್ತಿದೆ, ರೇಡಿಯೋ ಹಾಡುತ್ತಿದೆ, ಎಂಜಿನ್ನು ಮಾತ್ರ ಸತ್ತಿದೆ. ಇಳಿದು, ಬಾನೆಟ್ಟು ಎತ್ತಿ ಏನೂ ತಿಳಿಯದೆ ನೋಡಿ, ಮತ್ತೆ ಕೂತು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಹೊರಟಿತು. ಎರಡು ದಿನ ಬಿಟ್ಟು ಮತ್ತೆ. ಆಮೇಲೆ ಒಂದೇ ದಿನ ಮೂರು ಸಲ.

ಯಜಮಾನರಿಗೆ ಹೇಳಿದೆ. ಭಾನುವಾರ ಅವರೇ ಸುತ್ತೂರಿನವರೆಗೆ ಓಡಿಸಿ ತಂದರು, ಬೆಣ್ಣೆಯ ಹಾಗೆ ಓಡಿತು. “ನೀನು ಕ್ಲಚ್ ಸರಿಯಾಗಿ ಬಿಡ್ತಿಲ್ಲ ಕಣೇ” ಎಂದರು. ನಮ್ಮತ್ತೆಯಂತೂ, “ಅವನು ಓಡಿಸಿದ್ರೆ ಓಡ್ತದೆ, ನೀನು ಓಡಿಸಿದ್ರೆ ನಿಲ್ತದೆ. ಕಾರಿಗೂ ಗೊತ್ತಾಗ್ತದೆ ಕಣಮ್ಮ” ಎಂದು ತೀರ್ಪು ಕೊಟ್ಟರು.

ಅಲ್ಲಿ ಲ್ಯಾಬಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಖಾಲಿ ಹೊಟ್ಟೆಯಲ್ಲಿ ಕಾದು ಕಾದು ಕುಸಿದುಬಿದ್ದ. ಪಕ್ಕದ ಹೋಟೆಲಿನವರು ಸಕ್ಕರೆ ನೀರು ಕುಡಿಸಿ ಉಳಿಸಿದರು. ನಾನು ತಲುಪಿದಾಗ ಅವನ ಮಗಳು ನನ್ನ ಮುಖಕ್ಕೇ ಕೇಳಿದಳು, “ಟೈಮ್ಗೆ ಬರಾಕಾಗ್ದಿದ್ರೆ ಯಾತಕ್ಕಮ್ಮ ಬೋರ್ಡ್ ಆಕಂಡಿದ್ದೀಯೆ?”  ಆ ಸಂಜೆ ಅತ್ತು ಮುಖ ಊದಿಸಿಕೊಂಡು ಬಂದವಳನ್ನು ನೋಡಿ ಯಜಮಾನರು ಲ್ಯಾಬಿನ ಕಟ್ಟಡದವರಿಗೆ ಫೋನು ಮಾಡಿ, ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದು ಹೇಳಿಬಿಟ್ಟರು. ಕೆಟ್ಟ ಮನಸ್ಸಿನಿಂದ ಅಲ್ಲ. ದಾರಿಯಲ್ಲಿ ಒಬ್ಬಳೇ ನಿಂತುಕೊಳ್ಳುತ್ತಾಳಲ್ಲ ಎಂಬ ಹೆದರಿಕೆ ಅವರಿಗೆ. “ಇಲ್ಲೇ ಯಾರದಾದ್ರೂ ಲ್ಯಾಬಲ್ಲಿ ಕೆಲಸಕ್ಕೆ ಸೇರ್ಕೊ. ನಿನ್ನ ಕೈಲಿ ಆಗ್ತಿಲ್ಲ, ಬಿಡು” ಎಂದರು. ತಿಂಗಳು ಮುಗಿಯಲು ಇಪ್ಪತ್ತು ದಿನವಿತ್ತು. ಅಷ್ಟರೊಳಗೆ ಕಾರು ಸರಿಯಾದರೆ ಲ್ಯಾಬು ಉಂಟು, ಇಲ್ಲದಿದ್ದರೆ ಇಲ್ಲ.

ಕಾರು ಹೊಂಗೆಮರದ ಕೆಳಗೆ ಬಂದದ್ದು ಹಾಗೆ. ಯಜಮಾನರೂ ಜೊತೆಗೆ ಬಂದಿದ್ದರು. ಕಾರ್ ಕರೆಂಟಿನವರು ನನ್ನನ್ನು ನೋಡಿದ ಕೂಡಲೇ ಎದ್ದರು. ತಾವು ಕೂತಿದ್ದ ಒಂದೇ ಕುರ್ಚಿಯನ್ನು ಟವೆಲಿನಿಂದ ಒರೆಸಿ ನೆರಳಿಗೆ ಎಳೆದು, “ಬಿಸ್ಲಲ್ಲಿ ಯಾಕವ್ವಾ, ಇಲ್ ಕೂತ್ಕಳಿ” ಎಂದರು. ಎದುರು ಅಂಗಡಿಗೆ ಕೂಗಿ ಟೀ ತರಿಸಿದರು. ಹೆಣ್ಣುಮಕ್ಕಳನ್ನು ನಿಲ್ಲಿಸಿ ಮಾತಾಡಿಸುವುದು ಅವರ ಪದ್ಧತಿಯಲ್ಲ. ನಾನು ಟೀ ಕುಡಿಯುತ್ತಿದ್ದರೆ ಅತ್ತ ಯಜಮಾನರನ್ನು ವಿಚಾರಿಸಿಕೊಂಡರು. ಯಾವಾಗ ನಿಲ್ಲುತ್ತದೆ, ಎಷ್ಟು ಹೊತ್ತು, ದೀಪ ಉರಿಯುತ್ತದೋ ಇಲ್ಲವೋ, ಒಂದನ್ನೂ ಬಿಡಲಿಲ್ಲ. ಯಜಮಾನರು ತಾವು ಕಣ್ಣಾರೆ ಕಾಣದ್ದನ್ನೆಲ್ಲ ಬಹಳ ವಿವರವಾಗಿ ಹೇಳಿದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಲ್ಲ ಬರೆದಾಯಿತು. ಕೊನೆಗೆ ‘ಕ್ಲಚ್?’ ಎಂದೂ ಒಂದು ಸಾಲು.

ಮೊದಲ ಸಲ ಬ್ಯಾಟರಿಯ ಬಾಯಿ ತಿಕ್ಕಿ ಬಿಗಿ ಮಾಡಿದರು. ಎರಡನೇ ಸಲ ರಿಲೇ ಬದಲಾಯಿಸಿದರು. ಮೂರನೇ ಸಲ ಅರ್ತ್ ವೈರು ಹೊಸದು ಹಾಕಿದರು. ಪ್ರತಿ ಸಲವೂ ಯಜಮಾನರನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೊಟ್ಟೆಗೆ ಜಾಗ ಆಗುವ ಹಾಗೆ ಸೀಟು ಹಿಂದಕ್ಕೆ ತಳ್ಳಿಕೊಂಡು, ಬದನವಾಳಿನವರೆಗೆ ಓಡಿಸಿ ತಂದರು. ಕಾರು ಒಮ್ಮೆಯೂ ಕೆಮ್ಮಲಿಲ್ಲ. ನಾನು ಮೂರು ಸಲವೂ ನೆರಳಲ್ಲಿ ಕೂತು ಟೀ ಕುಡಿದೆ. ಮೂರು ಸಲವೂ ಮಾರನೇ ಬೆಳಿಗ್ಗೆ ನಡುದಾರಿಯಲ್ಲಿ ನಿಂತೆ.

ಇದರ ನಡುವೆ ಒಂದು ತಮಾಷೆ ನಡೆಯಿತು. ನಾನು ರಕ್ತ ಪರೀಕ್ಷೆ ಮಾಡುವವಳು ಎಂದು ತಿಳಿದು, “ನನ್ಗೂ ಒಂದ್ಸತಿ ನೋಡ್ಬುಡಿ ತಾಯಿ” ಎಂದರು. ಬೆಳಿಗ್ಗೆ ಏನೂ ತಿನ್ನದೆ ಇರಿ ಎಂದು ಹೇಳಿ, ಒಂದು ದಿನ ಅಂಗಡಿಗೇ ಹೋದೆ. ಸೂಜಿ ಕಂಡ ಕೂಡಲೇ ಆ ದೊಡ್ಡ ದೇಹ ಮರದ ಕಡೆ ಮುಖ ತಿರುಗಿಸಿ ‘ಶಿವಾ ಶಿವಾ’ ಎಂದು ಕಣ್ಣು ಮುಚ್ಚಿಕೊಂಡಿತು. ದಿನಾ ಬ್ಯಾಟರಿ ಕಿಡಿ ಹಾರಿಸುವ ಮನುಷ್ಯ! ರಿಪೋರ್ಟಿನಲ್ಲಿ ಸಕ್ಕರೆ ಏರಿ ಕೂತಿತ್ತು. ಖಾಲಿ ಹೊಟ್ಟೆ ಅಂದಿರಲ್ಲ ಎಂದು ದಬಾಯಿಸಿದೆ. “ಟೀ ಕುಡ್ದಿದ್ದೆ” ಎಂದರು. ಬರೀ ಟೀನಾ? “ಎಲ್ಡು ಬನ್ನು.” ಇನ್ನೂ ದಬಾಯಿಸಿದರೆ ಎಲ್ಲಿಗೆ ಹೋಗುತ್ತಿತ್ತೋ.

“ನೀವು ಬಾಯಲ್ಲಿ ಹೇಳಿದ್ದನ್ನ ನಂಬಿದ್ದು ನನ್ನದೇ ತಪ್ಪು” ಎಂದೆ.

“ನಾನೂ ಅಂಗೇ ಕಣವ್ವಾ. ಓನರು ಯೋಳಾದ್ರಲ್ಲಿ ಅರ್ದ ಮಾತ್ರ ನಂಬಾದು” ಎಂದು ನಕ್ಕರು. ನಾನೂ ನಕ್ಕೆ.

ನಾಲ್ಕನೇ ಸಲ ನಗು ಬರಲಿಲ್ಲ. ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಲ್ಯಾಬಿನಲ್ಲಿ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗೆ ಸೇರಿತ್ತು. ಅವತ್ತು ಯಜಮಾನರಿಗೆ ರಜೆ ಸಿಗದೆ ನಾನೊಬ್ಬಳೇ ಹೋಗಿದ್ದೆ. ಅವರು ಎಂದಿನ ಹಾಗೆ ಕುರ್ಚಿ ಒರೆಸಿ, ಟೀಗೆ ಕೂಗಿ, “ಯಜಮಾನ್ರು ಬರ್ಲಿಲ್ವಾ? ಅವ್ರಿದ್ದಿದ್ರೆ ಕೇಳ್ಬೋದಿತ್ತು” ಎಂದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇನ್ನು ತಡೆಯಲಾಗಲಿಲ್ಲ.

“ಏನು ಕೇಳ್ತೀರಿ ಅವರನ್ನ? ಅವರು ಓಡಿಸುವಾಗ ಗಾಡಿ ಒಂದ್ಸಲನಾದ್ರೂ ನಿಂತಿದೆಯಾ? ನಿಲ್ಲೋದು ನನ್ನ ಕೈಲಿ. ಇಷ್ಟು ದಿನದಲ್ಲಿ ಒಂದೇ ಒಂದು ಮಾತು ನನ್ನ ಕೇಳಿದ್ದೀರಾ? ಟೀ ಕುಡಿಸ್ತೀರಿ, ಕುರ್ಚಿ ಹಾಕ್ತೀರಿ. ನನಗೆ ನಿಮ್ಮ ಟೀ ಬೇಡ. ನಾಲ್ಕು ದಿನ ಆದ್ಮೇಲೆ ನನ್ನ ಲ್ಯಾಬ್ ಇರಲ್ಲ, ಗೊತ್ತಾ ನಿಮಗೆ?”

ಟೈರಿನ ಅಂಗಡಿಯವರೆಲ್ಲ ತಿರುಗಿ ನೋಡಿದರು. ಕಾರ್ ಕರೆಂಟಿನವರು ಗೋಡೆಯ ಹತ್ತಿರ ಹೋಗಿ ನನ್ನ ಕಾರಿನ ಬಗ್ಗೆ ಬರೆದಿದ್ದನ್ನೆಲ್ಲ ಒಂದು ಸಲ ಓದಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಅಷ್ಟನ್ನೂ ಒರೆಸಿಹಾಕಿದರು. ಕೀ ತಂದು ನನ್ನ ಕೈಗೆ ಕೊಟ್ಟರು.

“ತಪ್ಪು ನಂದವ್ವಾ. ಗಾಡಿ ಓಡ್ಸೋರ್ನ ಬುಟ್ಟು ಗಾಡಿ ಮಾಲೀಕ್ರನ್ನ ಕೇಳ್ದೆ. ಬನ್ನಿ, ದಿನಾ ಎಂಗೆ ಓಯ್ತೀರೋ ಅಂಗೇ ಓಡ್ಸಿ. ರೇಡಿಯೋ ಆಕಂತೀರಾ? ಅದ್ನೂ ಆಕಿ. ನಾನು ಇಂದೆ ಕೂತಿರ್ತೀನಿ, ಬಾಯ್ ಬುಡಾಕಿಲ್ಲ.”

ಹಿಂದಿನ ಸೀಟಿನಲ್ಲಿ ನನ್ನ ಬೆನ್ನಿನ ಹಿಂದೆಯೇ ಕೂತರು. ನಾನು ಕುಳ್ಳಿ. ಚಪ್ಪಲಿ ಸೇರಿಸಿಕೊಂಡರೆ ಐದಡಿ. ಕೂತವಳೇ ಅಡಿಗೆ ಕೈ ಹಾಕಿ ಸೀಟನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ, ಕೊನೆಯವರೆಗೆ ಎಳೆದುಕೊಂಡೆ.

“ಅಷ್ಟ್ ಮುಂದ್ಕಾ?” ಎಂದರು, ಬಾಯಿ ಬಿಡುವುದಿಲ್ಲ ಎಂದವರು.

“ಮತ್ತಿನ್ನೇನು? ಕಾಲು ಎಟುಕಬೇಡ್ವಾ ನಂಗೆ?”

ಆಮೇಲೆ ಸುತ್ತೂರು ದಾಟುವವರೆಗೆ ಅವರ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಪೈಪಿಗೆಂದು ರಸ್ತೆ ಅಗೆದು ಹಾಕಿದ ಜಾಗದಲ್ಲಿ ಕಾರು ಎರಡು ಸಲ ಕುಲುಕಿ, ನಿಂತುಬಿಟ್ಟಿತು. ನಾನು ಸೀಟಿನಿಂದ ಎದ್ದು ಇಳಿಯಲು ಹೋದೆ.

“ಅಳ್ಳಾಡ್ಬೇಡಿ!” ಎಂದು ಕೂಗಿದರು. “ಎಂಗ್ ಕೂತಿದ್ದೀರೋ ಅಂಗೇ ಕೂತಿರಿ. ಪ್ರತೀ ಸತೀನೂ ಇಳೀತಿದ್ರಾ?”

“ಹೂಂ. ಇಳಿದು ಬಾನೆಟ್ ಎತ್ತಿ ನೋಡ್ತಿದ್ದೆ.”

“ಇಳ್ದು, ಮತ್ತೆ ಬಂದು ಕೂತ್ಮೇಲೆ ಸ್ಟಾಟ್ ಆಯ್ತಿತ್ತು?”

“ಹೂಂ.”

ಹಿಂದಿನಿಂದ ಒಂದು ದೊಡ್ಡ ನಿಟ್ಟುಸಿರು ಬಂತು. ಆ ಹೊಟ್ಟೆಯನ್ನು ಹೇಗೆ ಮಡಚಿಕೊಂಡರೋ, ಎರಡು ಸೀಟಿನ ಸಂದಿಯಲ್ಲಿ ತೂರಿ, ನೆಲಕ್ಕೆ ಕೆನ್ನೆಯಿಟ್ಟು ಮಲಗಿ ನನ್ನ ಸೀಟಿನ ಅಡಿಗೆ ಕೈ ಹಾಕಿದರು. ಎರಡು ಕಾಲೂ ಬಾಗಿಲಿನಿಂದ ಆಚೆ ರಸ್ತೆಗೆ ಚಾಚಿದ್ದವು. ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬಂದವನೊಬ್ಬ ನಿಲ್ಲಿಸಿ ಬಗ್ಗಿ ನೋಡಿದ.

“ಯಾಕ್ ಸಾ, ಏನಾರ ಬಿದ್ದೋಯ್ತಾ?”

“ಊಂ ಕಣಪ್ಪ” ಎಂದರು ಒಳಗಿನಿಂದ. “ನನ್ ಮರ್ವಾದೆ ಬಿದ್ದೋಗಿತ್ತು. ಇಲ್ಲೇ ಅದೆ, ಸಿಕ್ತು. ನೀನೋಗು.”

ಆಮೇಲೆ, “ಈಗ ಕೀ ಆಕಿ” ಎಂದರು. ಎಂಜಿನ್ನು ಗುರ್ ಎಂದಿತು. “ಈಗ?” ಎಂದರು. ತಟ್ಟನೆ ನಿಂತಿತು. ಮತ್ತೆ ಹಾಕಿದೆ, ಓಡಿತು. ಮತ್ತೆ, ನಿಂತಿತು. ನಾನು ಕೂತಲ್ಲಿಂದ ಅಲ್ಲಾಡಿರಲಿಲ್ಲ, ಕ್ಲಚ್ಚು ಮುಟ್ಟಿರಲಿಲ್ಲ. ಅವರ ಕೈಬೆರಳಿಗೆ ನನ್ನ ಕಾರು ಸಾಯುತ್ತಿತ್ತು, ಬದುಕುತ್ತಿತ್ತು.  ಅಷ್ಟು ದಿನವೂ ‘ನನ್ನಲ್ಲೇ ಏನೋ ಐಬಿದೆ’ ಎಂದು ನಾನೇ ಅರ್ಧ ನಂಬಿಬಿಟ್ಟಿದ್ದೆ ಎಂದು ಆಗ ಗೊತ್ತಾಯಿತು.

ಎದ್ದು ಕೂತು, ಧೂಳು ಒರೆಸಿಕೊಂಡು ವಿವರಿಸಿದರು. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪುಟ್ಟ ಮೋಟಾರು ಹಿಂದೆ ಟ್ಯಾಂಕಿನೊಳಗಿದೆ, ಅದಕ್ಕೆ ಕರೆಂಟು ಹೋಗುವ ವೈರು ಡ್ರೈವರ್ ಸೀಟಿನ ಪಕ್ಕದಲ್ಲಿ ನೆಲದ ಮೇಲೆ ಹಾದುಹೋಗುತ್ತದೆ. ಎರಡು ತಿಂಗಳ ಹಿಂದೆ ಯಜಮಾನರು ಹೊಸ ಮ್ಯಾಟು ಹಾಕಿಸಿದ್ದರು. ಹಾಕಿದವನು ವೈರು ಹಿಡಿಯುವ ಕ್ಲಿಪ್ಪನ್ನು ಮರಳಿ ಕೂರಿಸದೆ ಬಿಟ್ಟಿದ್ದಾನೆ. ವೈರು ಜಾರಿ ಸೀಟಿನ ಅಡಿಯ ಸ್ಪ್ರಿಂಗಿಗೆ ಸಿಕ್ಕಿಕೊಂಡಿದೆ. ಹೊರಗಿನ ಸಿಪ್ಪೆ ಚೆನ್ನಾಗಿದೆ, ಒಳಗಿನ ತಂತಿ ತುಂಡಾಗಿದೆ. ಸೀಟು ಹಿಂದಿದ್ದರೆ ತುಂಡುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಕುಳ್ಳಿಯೊಬ್ಬಳು ಸೀಟನ್ನು ಕೊನೆಯವರೆಗೆ ಎಳೆದುಕೊಂಡು, ಮೇಲೆ ಭಾರ ಹಾಕಿ, ಗುಂಡಿಯಲ್ಲಿ ಇಳಿಸಿದರೆ ಬಿಟ್ಟುಕೊಳ್ಳುತ್ತವೆ. ಅವಳು ಇಳಿದರೆ ಮತ್ತೆ ಕೂಡುತ್ತವೆ.

“ಸರಿ, ಇಲ್ಲೇ ಟೇಪು ಸುತ್ತಿಬಿಡಿ ಅಣ್ಣ. ನಿಮ್ಮ ಕಾಲಿಗೆ ಬೀಳ್ತೀನಿ” ಎಂದೆ.

“ಸುತ್ತಾಕಿಲ್ಲ” ಎಂದರು. “ಈಗ್ಲೇ ಸರಿ ಮಾಡ್ಬುಟ್ರೆ ನಾಳೆಯಿಂದ ಗಾಡಿ ನಿಲ್ಲಾಕಿಲ್ಲ, ನಿಜ. ಆದ್ರೆ ಮನೇಲೇನಂತಾರೆ? ಇವ್ಳೀಗ ಕ್ಲಚ್ ಬುಡಾದು ಕಲ್ತ್ಕಂಡ್ಳು ಅಂತಾರೆ. ಯಜಮಾನ್ರು ಎಷ್ಟೊತ್ಗೆ ಬತ್ತಾರೆ?”

ನಾಲ್ಕೂವರೆಗೆ ಎಂದೆ. ತಮ್ಮ ಟವೆಲನ್ನು ಮಡಿಸಿ ನನ್ನ ಬೆನ್ನಿಗೆ ಕೊಟ್ಟು, ಸೀಟನ್ನು ಒಂದು ಗೇಣು ಹಿಂದಕ್ಕೆ ತಳ್ಳಿಸಿದರು. ಹಾಗೆ ಒರಗಿಕೊಂಡು, ಕಾಲು ಚಾಚಿಕೊಂಡು ನಂಜನಗೂಡಿಗೆ ಓಡಿಸಿದೆ. ಕಾರು ನಿಲ್ಲಲಿಲ್ಲ.

ಯಜಮಾನರು ಯೂನಿಫಾರ್ಮಿನಲ್ಲಿ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದರು. ಅತ್ತೆ ಹೊಸಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಕಾರ್ ಕರೆಂಟಿನವರು ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು, ಇಬ್ಬರಿಗೂ ಕೇಳುವ ಹಾಗೆ ಹೇಳಿದರು.

“ಸಾ, ನಿಮ್ ಗಾಡೀಗೆ ಮೂರ್ ಸತಿ ಕೈ ಆಕ್ದೆ. ಮೂರೂ ತಪ್ಪು. ಇವ್ರು ಮೊದ್ಲಿಂದ್ಲೂ ಯೋಳ್ತಿದ್ದುದ್ದು ಸರಿ. ಒಂದ್ ಕೆಲ್ಸ ಮಾಡಿ, ಇವ್ರು ಕೂರಂಗೆ ನೀವ್ ಕೂತ್ಕಂಡು ಒಂದ್ ಸುತ್ತು ಬನ್ನಿ.”

ನಮ್ಮ ಯಜಮಾನರು ಆರಡಿ. ಕೊನೆಯವರೆಗೆ ಎಳೆದ ಸೀಟಿನಲ್ಲಿ ಕೂರಿಸಿದರೆ ಮಂಡಿ ಸ್ಟೇರಿಂಗಿಗೆ, ತಲೆ ಸೂರಿಗೆ. “ಹೀಗೆ ಯಾರಾದ್ರೂ ಓಡಿಸ್ತಾರೇನ್ರಿ?” ಎಂದರು. “ದಿನಾ ಓಡಿಸ್ತಾರೆ ಸಾ” ಎಂದರು ಇವರು. ನಾನು ಪಕ್ಕದಲ್ಲಿ, ಅವರು ಹಿಂದೆ. ಬೀದಿಯ ಕೊನೆಯಲ್ಲಿ ವಾಪಸು ತಿರುಗಿ, ಚರಂಡಿಯ ಮೇಲಿನ ಉಬ್ಬು ಹಾರಿದ ಕೂಡಲೇ, ಹಿಟ್ಟಿನ ಗಿರಣಿಯ ಎದುರಿಗೆ ಸರಿಯಾಗಿ ಕಾರು ನಿಂತಿತು. ಹಿಂದೆ ಒಂದು ಆಟೋ, ಅದರ ಹಿಂದೆ ಹುಲ್ಲಿನ ಗಾಡಿ, ಎರಡೂ ಕೂಗತೊಡಗಿದವು. ಗಿರಣಿಯಿಂದ ಜನ ಹೊರಗೆ ಬಂದರು. ಯಜಮಾನರು ಕೀ ತಿರುಗಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ, ಹಣೆಯ ಬೆವರು ಮೂಗಿನ ಮೇಲೆ ಇಳಿಯುತ್ತಿದೆ.

“ಕ್ಲಚ್ ಸರಿಯಾಗಿ ಬಿಡಿ” ಎಂದೆ. ತಡೆದುಕೊಳ್ಳಲು ನಾನೇನು ದೇವರಲ್ಲ.

ಅವರು ನಗಲಿಲ್ಲ, ರೇಗಲೂ ಇಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು.

“ಗದ್ದೆ ಬಯಲಲ್ಲಿ, ಒಬ್ಬಳೇ ಇದ್ದಾಗ, ಹಿಂಗೇ ಆಗ್ತಿತ್ತಾ?”

“ಹೂಂ. ಹಿಂಗೇ.”

ನಾವು ಇಳಿದಿದ್ದರೆ ಕಾರು ಮತ್ತೆ ಹೊರಡುತ್ತಿತ್ತು, ಆದರೆ ಕಾರ್ ಕರೆಂಟಿನವರು ಕೀ ಹಾಕಲು ಬಿಡಲಿಲ್ಲ.  ಮೂವರೂ ಇಳಿದು, ಗಿರಣಿಯ ಇಬ್ಬರು ಕೈಜೋಡಿಸಿ, ಕಾರನ್ನು ಮನೆಯವರೆಗೆ ತಳ್ಳಿಕೊಂಡು ಬಂದೆವು. ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಿದ್ದರು. ಬೀದಿಯಲ್ಲಿ ನಡೆದದ್ದನ್ನೆಲ್ಲ ಅವರು ನೋಡಿದ್ದರು.

“ನೋಡ್ತಾ ನಿಂತ್ಕೊಂಡ್ರೆ ಏನಾಗ್ತದೋ? ಆ ಕಟ್ಟಡದೋರಿಗೆ ಫೋನ್ ಮಾಡು, ಖಾಲಿ ಮಾಡಲ್ಲ ಅನ್ನು” ಎಂದರು ಮಗನಿಗೆ. ನನ್ನ ಮುಖ ಮಾತ್ರ ನೋಡಲಿಲ್ಲ.

ಯಜಮಾನರು ಅಂಗಳದಲ್ಲೇ ನಿಂತು ಫೋನು ಮಾಡಿದರು. “ಇಲ್ಲ ಸಾರ್, ಬಿಡಲ್ಲ ನಾವು. ಇಲ್ಲ, ಅವಳದೇನೂ ತಪ್ಪಿರ್ಲಿಲ್ಲ. ಗಾಡಿ ನಿಜವಾಗ್ಲೂ ನಿಲ್ತಿತ್ತು. ನಾನೇ ಕೂತು ನೋಡ್ದೆ.” ಫೋನು ಇಟ್ಟು, ಮುಖ ಒರೆಸಿಕೊಂಡು, “ಸರಿ ಅಣ್ಣ, ಇನ್ನು ರಿಪೇರಿ ಮಾಡಿಬಿಡಿ” ಎಂದರು.

ಕಾರ್ ಕರೆಂಟಿನವರು ಆಗಲೇ ಜೇಬಿನಿಂದ ಟೇಪು ತೆಗೆದು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಆದರೂ ಬಾಗಿಲಿಗೆ ಕೈ ಹಾಕಲಿಲ್ಲ. ಟೇಪನ್ನು ಬಾಯಿಂದ ತೆಗೆದು, ಯಜಮಾನರನ್ನು ದಾಟಿ ನನ್ನ ಕಡೆ ನೋಡಿದರು.

“ಏನವ್ವಾ, ಮಾಡ್ಲಾ?”

ಅತ್ತೆ ನೋಡುತ್ತಿದ್ದರು, ಯಜಮಾನರು ನೋಡುತ್ತಿದ್ದರು, ಗಿರಣಿಯ ಜನ ಕೂಡ ಹೋಗದೆ ನಿಂತಿದ್ದರು.  

“ಮಾಡಿ” ಎಂದೆ. “ಬೆಳಿಗ್ಗೆ ಏಳಕ್ಕೆ ನನ್ನ ಜನ ಕಾಯ್ತಿರ್ತಾರೆ.”